ಚಾರ್ಲಿಯ ಪಕ್ಕದಲ್ಲಿ ಕುಳಿತಿದ್ದವಳು

ಹೆಂಡತಿ ಮತ್ತು ನಾಯಿಯ ಜೊತೆಗೆ ಕಡಲ ದಂಡೆ ಹಿಡಿದು ದೂರದ ಪ್ರಯಾಣ ಹೋಗುವುದು ಮೋಟಾರು ಕಾರು ಬಂದ ಮೇಲೆ ಹುಟ್ಟಿಕೊಂಡ ಷೋಕಿ ಎಂದು ಮೇಲುನೋಟಕ್ಕೆ ಅನ್ನಿಸಬಹುದು. ಆದರೆ ಅಂಥದೊಂದು ಪ್ರಯಾಣ ಮಹಾಭಾರತದ ಕೊನೆಯಲ್ಲೇ ಇದೆ. ಕೃಷ್ಣ ತೀರಿಕೊಂಡ, ದ್ವಾರಕೆ ಮುಳುಗಿತು ಎಂಬ ಸುದ್ದಿ ಕೇಳಿದ ಧರ್ಮರಾಯ ಪರೀಕ್ಷಿತನಿಗೆ ಪಟ್ಟ ಕಟ್ಟಿ, ನಾರುಡೆಯುಟ್ಟು ಹಸ್ತಿನಾವತಿಯಿಂದ ಹೊರಡುತ್ತಾನೆ. ತಮ್ಮಂದಿರು ನಾಲ್ವರು, ಆರನೆಯವಳು ದ್ರೌಪದಿ. ಏಳನೆಯದಾಗಿ ಒಂದು ನಾಯಿ. ಅದನ್ನು ಯಾರೂ ಕರೆದಿರಲಿಲ್ಲ, ತಾನಾಗಿಯೇ ಹಿಂದೆ ಬಂತು.

ಮಹಾಪ್ರಸ್ಥಾನವೆಂದರೆ ಹಿಮಾಲಯ ಹತ್ತುವುದು ಎಂದಷ್ಟೇ ನಮಗೆ ನೆನಪು. ಮೂಲದಲ್ಲಿ ಅವರು ಮೊದಲು ಹೋಗುವುದು ಪೂರ್ವದ ಸಮುದ್ರಕ್ಕೆ. ಅಲ್ಲಿ ಅಗ್ನಿ ಅಡ್ಡ ನಿಂತು ಗಾಂಡೀವವನ್ನು ಹಿಂದಕ್ಕೆ ಕೇಳುತ್ತಾನೆ. ಅರ್ಜುನ ಬಿಲ್ಲನ್ನೂ ಬತ್ತಳಿಕೆಯನ್ನೂ ನೀರಿಗೆ ಹಾಕುತ್ತಾನೆ. ಅಲ್ಲಿಂದ ದಕ್ಷಿಣಕ್ಕೆ ತಿರುಗಿ, ಉಪ್ಪುನೀರಿನ ಕಡಲಂಚು ಹಿಡಿದು ನೈಋತ್ಯಕ್ಕೆ, ಆಮೇಲೆ ಪಶ್ಚಿಮಕ್ಕೆ. ಅಲ್ಲಿ ಸಮುದ್ರ ನುಂಗಿದ ದ್ವಾರಕೆಯನ್ನು ಕಣ್ಣಾರೆ ನೋಡಿ, ಅನಂತರವೇ ಉತ್ತರಕ್ಕೆ ನಡೆಯುತ್ತಾರೆ. ಕುಮಾರವ್ಯಾಸ ಗದಾಪರ್ವಕ್ಕೆ ನಿಲ್ಲಿಸಿಬಿಟ್ಟಿದ್ದರಿಂದಲೋ ಏನೋ ಈ ಭಾಗ ಕನ್ನಡಿಗರ ನಾಲಗೆಯ ಮೇಲೆ ಅಷ್ಟಾಗಿ ಇಲ್ಲ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಮುಗಿಸಿದನಾದರೂ ಗಮಕಿಗಳು ಅವನನ್ನು ಎತ್ತಿಕೊಳ್ಳುವುದು ಅಪರೂಪ.

ಬೆಟ್ಟದ ದಾರಿಯಲ್ಲಿ ಮೊದಲು ಬೀಳುವವಳು ದ್ರೌಪದಿ. ಯಾಕೆ ಬಿದ್ದಳು ಎಂದು ಭೀಮ ಕೇಳಿದರೆ, ಅರ್ಜುನನ ಮೇಲೆ ಅವಳಿಗೆ ಹೆಚ್ಚು ಮೋಹವಿತ್ತು ಎಂದು ಹೇಳಿ ಧರ್ಮರಾಯ ಹಿಂದಿರುಗಿ ನೋಡದೆ ನಡೆಯುತ್ತಾನೆ. ಕೊನೆಗೆ ಇಂದ್ರ ರಥ ತಂದಾಗ ಮಾತ್ರ, ಈ ನಾಯಿಯನ್ನು ಬಿಟ್ಟು ನಾನು ಸ್ವರ್ಗಕ್ಕೆ ಬರಲಾರೆ ಎಂದು ಹಟ ಹಿಡಿಯುತ್ತಾನೆ. ಆ ನಾಯಿ ಯಮಧರ್ಮನೇ ಆಗಿತ್ತು ಎಂಬುದನ್ನೆಲ್ಲ ನಾವು ಹರಿಕಥೆಗಳಲ್ಲಿ ಕೇಳಿದ್ದೇವೆ. ಪ್ರಯಾಣದ ಕಥೆ ಹೇಳುವಾಗ ನಾಯಿ ಕೊನೆಯವರೆಗೆ ಉಳಿಯುತ್ತದೆ, ಹೆಂಡತಿ ಮೊದಲು ಉದುರುತ್ತಾಳೆ ಎಂಬುದಷ್ಟೇ ಇಲ್ಲಿ ಮುಖ್ಯ. ನಮ್ಮ ಕಾಲಕ್ಕೆ ಹತ್ತಿರದ, ಲಕ್ಷಾಂತರ ಜನ ಓದಿದ ಒಂದು ಪ್ರವಾಸ ಕಥನದಲ್ಲಿಯೂ ಹೀಗೆಯೇ ಆಯಿತು. ಅದು ಅಮೆರಿಕದ ಕಾದಂಬರಿಕಾರ ಜಾನ್ ಸ್ಟೀನ್‌ಬೆಕ್‌ನ 'ಟ್ರಾವೆಲ್ಸ್ ವಿತ್ ಚಾರ್ಲಿ'. ಅಂದರೆ, ಚಾರ್ಲಿಯ ಜೊತೆ ಪ್ರಯಾಣ.

ಚಾರ್ಲಿ ಒಂದು ನಾಯಿ. ಪ್ಯಾರಿಸ್ಸಿನ ಅಂಚಿನ ಬೆರ್ಸಿ ಎಂಬಲ್ಲಿ ಹುಟ್ಟಿದ, ಸುರುಳಿಗೂದಲಿನ ದೊಡ್ಡ ಪೂಡಲ್. ಫ್ರೆಂಚಿನಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತಿತ್ತಂತೆ, ಇಂಗ್ಲಿಷಿನಲ್ಲಿ ಹೇಳಿದರೆ ಅನುವಾದ ಮಾಡಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಗುತ್ತಿತ್ತಂತೆ. ಮುಂಬಲ್ಲು ಸೊಟ್ಟಗಿದ್ದುದರಿಂದ 'ಫ್‌ಟ್' ಎಂದು ಸದ್ದು ಮಾಡಬಲ್ಲದು. ಆ ಸದ್ದಿಗೆ ಹೊರಗೆ ಹೋಗಬೇಕು ಎಂದರ್ಥ. ಇಷ್ಟೆಲ್ಲ ವಿವರವನ್ನು ಸ್ಟೀನ್‌ಬೆಕ್ ನಾಯಿಯ ಬಗ್ಗೆ ಕೊಡುತ್ತಾನೆ.

ಆ ಪ್ರಯಾಣದ ಹಿನ್ನೆಲೆ ಸ್ವಲ್ಪ ತಿಳಿದಿರಬೇಕು. 1902ರಲ್ಲಿ ಕ್ಯಾಲಿಫೋರ್ನಿಯಾದ ಸಲೀನಸ್‌ನಲ್ಲಿ ಹುಟ್ಟಿದ ಸ್ಟೀನ್‌ಬೆಕ್‌ಗೆ 1960ರಲ್ಲಿ 58 ವರ್ಷ. 'ದಿ ಗ್ರೇಪ್ಸ್ ಆಫ್ ರ್‍ಯಾತ್' ಬರೆದು ಎರಡು ದಶಕ ಕಳೆದಿತ್ತು. ಹಿಂದಿನ ವರ್ಷದ ಕೊನೆಯಲ್ಲಿ ಆರೋಗ್ಯ ಕೈಕೊಟ್ಟಿತ್ತು. ನ್ಯೂಯಾರ್ಕಿನಲ್ಲಿ ಕೂತು ಅಮೆರಿಕದ ಬಗ್ಗೆ ಬರೆಯುವ ತನಗೆ ಅಮೆರಿಕವೇ ಗೊತ್ತಿಲ್ಲ ಎಂಬ ಅಳುಕು ಅವನಲ್ಲಿತ್ತು. ಜಿಎಂಸಿ ಕಂಪನಿಯ ಹೊಸ ಪಿಕಪ್ ಟ್ರಕ್ಕಿನ ಮೇಲೆ ಹಾಸಿಗೆ, ಒಲೆ, ಮೇಜು ಇರುವ ಪುಟ್ಟ ಮನೆಯನ್ನು ಕೂರಿಸಿ, ಅದಕ್ಕೆ ಡಾನ್ ಕ್ವಿಕ್ಸೋಟನ ಕುದುರೆಯಾದ ರೋಸಿನಾಂಟೆಯ ಹೆಸರಿಟ್ಟ. ಯಾಕೆ ಹೊರಟೆ ಎಂದು ಜನ ಕೇಳಬಾರದೆಂದು ಗಾಡಿಯಲ್ಲಿ ಬಂದೂಕು, ಮೀನಿನ ಗಾಳ ಇಟ್ಟುಕೊಂಡ. ಬೇಟೆಗೆ ಹೋಗುವವನನ್ನು ಅಲ್ಲಿ ಯಾರೂ ಪ್ರಶ್ನಿಸುವುದಿಲ್ಲವಂತೆ.

ಹೊರಡುವ ಮೊದಲೇ ಡೋನಾ ಎಂಬ ಚಂಡಮಾರುತ ಬಂತು. ಲಾಂಗ್ ಐಲೆಂಡ್‌ನ ತನ್ನ ಮನೆಯ ಮುಂದೆ ಲಂಗರು ಹಾಕಿದ್ದ ದೋಣಿಯನ್ನು ಉಳಿಸಲು ಈ ಮನುಷ್ಯ ಕೊಲ್ಲಿಯ ನೀರಿಗೆ ಹಾರಿದ ಪ್ರಸಂಗ ಪುಸ್ತಕದ ಆರಂಭದಲ್ಲೇ ಇದೆ. ಆ ದೋಣಿಯ ಹೆಸರು 'ಫೇರ್ ಎಲೇನ್', ಅಂದರೆ ಸುಂದರಿ ಎಲೇನ್. ಅದು ಅವನ ಹೆಂಡತಿಯ ಹೆಸರು.

ಎಲೇನ್ ಟೆಕ್ಸಸ್‌ನವಳು. 1950ರ ಡಿಸೆಂಬರಿನಲ್ಲಿ ಸ್ಟೀನ್‌ಬೆಕ್‌ನನ್ನು ಮದುವೆಯಾದಳು. ಅವನಿಗೆ ಅದು ಮೂರನೆಯ ಮದುವೆ. ಅದಕ್ಕೂ ಮೊದಲು ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ, ಹೆಂಗಸರು ಆ ಕೆಲಸಕ್ಕೆ ಬಾರದಿದ್ದ ಕಾಲದಲ್ಲಿ, ರಂಗ ವ್ಯವಸ್ಥಾಪಕಿಯಾಗಿ ದುಡಿದಿದ್ದಳು. ನಾಟಕದಲ್ಲಿ ಯಾರು ಯಾವಾಗ ರಂಗದ ಮೇಲೆ ಬರಬೇಕು, ಯಾವಾಗ ನೇಪಥ್ಯಕ್ಕೆ ಸರಿಯಬೇಕು ಎಂದು ನೋಡಿಕೊಳ್ಳುವ ಕೆಲಸ ಅದು.

1960ರ ಸೆಪ್ಟೆಂಬರ್ 23ರಂದು ರೋಸಿನಾಂಟೆ ಹೊರಟಿತು. ಸುಮಾರು ಹನ್ನೊಂದು ವಾರ, ಹದಿನಾರು ಸಾವಿರ ಕಿಲೋಮೀಟರು. ಮೈನ್ ರಾಜ್ಯದವರೆಗೆ ಉತ್ತರಕ್ಕೆ ಹೋಗಿ, ಪಶ್ಚಿಮಕ್ಕೆ ತಿರುಗಿ ಶಿಕಾಗೊ, ಮೊಂಟಾನಾ ದಾಟಿ ಸಿಯಾಟಲ್‌ಗೆ. ಅಲ್ಲಿಂದ ಪೆಸಿಫಿಕ್ ಕಡಲಂಚಿನಲ್ಲಿ ದಕ್ಷಿಣಕ್ಕೆ ಇಳಿದು ತಾನು ಬೆಳೆದ ಮಾಂಟೆರೆ ಸೀಮೆಗೆ. ಮತ್ತೆ ಪೂರ್ವಕ್ಕೆ ಟೆಕ್ಸಸ್, ನ್ಯೂ ಆರ್ಲಿಯನ್ಸ್ ಹಾದು ಮನೆಗೆ. ಈ ಕಥನ 1961ರಿಂದ 'ಹಾಲಿಡೇ' ಪತ್ರಿಕೆಯಲ್ಲಿ ಭಾಗಗಳಾಗಿ ಬಂದು 1962ರ ಜುಲೈಯಲ್ಲಿ ಪುಸ್ತಕವಾಯಿತು. ಅದೇ ಅಕ್ಟೋಬರಿನಲ್ಲಿ ನೊಬೆಲ್ ಬಹುಮಾನ ಬಂತು. 'ನ್ಯೂಯಾರ್ಕ್ ಟೈಮ್ಸ್' ಪಟ್ಟಿಯಲ್ಲಿ ಪುಸ್ತಕ ಮೊದಲ ಸ್ಥಾನಕ್ಕೇರಿತು, ಅದೂ ಕಾದಂಬರಿಯ ಪಟ್ಟಿಯಲ್ಲಲ್ಲ, ನಿಜ ಸಂಗತಿಗಳ ಪುಸ್ತಕಗಳ ಪಟ್ಟಿಯಲ್ಲಿ. ಇದನ್ನು ನೆನಪಿಟ್ಟುಕೊಳ್ಳಬೇಕು.

ಸಿಯಾಟಲ್‌ನಿಂದ ಮಾಂಟೆರೆವರೆಗಿನ ಆ ದಾರಿಯ ಬಗ್ಗೆ ಒಂದೆರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಇವತ್ತು ಅದು 101ನೇ ಹೆದ್ದಾರಿ. ಆದರೆ ಆರೆಗಾನ್ ರಾಜ್ಯದ ಕರಾವಳಿಗೆ ಬಹುಕಾಲ ರಸ್ತೆಯೆಂಬುದೇ ಇರಲಿಲ್ಲ. ಇಳಿತದ ಹೊತ್ತು ಕಾದು, ಗಟ್ಟಿಯಾದ ಒದ್ದೆ ಮರಳಿನ ಮೇಲೆ ಗಾಡಿಗಳು ಓಡುತ್ತಿದ್ದವು. 1913ರಲ್ಲಿ ಅಲ್ಲಿನ ಗವರ್ನರ್ ಆಸ್ವಾಲ್ಡ್ ವೆಸ್ಟ್ ಒಂದು ಜಾಣ ಕಾಯಿದೆ ತಂದ: ಭರತ ಮತ್ತು ಇಳಿತಗಳ ಗೆರೆಗಳ ನಡುವಿನ ಇಡೀ ಕಡಲತೀರವೇ ಸಾರ್ವಜನಿಕ ಹೆದ್ದಾರಿ ಎಂದು ಘೋಷಿಸಿಬಿಟ್ಟ. ಹೆದ್ದಾರಿಯಾದ ಮೇಲೆ ಯಾರೂ ಅದನ್ನು ಕೊಂಡು ಬೇಲಿ ಹಾಕುವಂತಿಲ್ಲವಲ್ಲ! ಅಲ್ಲಿನ ಕಡಲತೀರ ಈಗಲೂ ಜನರ ಸ್ವತ್ತಾಗಿ ಉಳಿದಿರುವುದಕ್ಕೆ ಬುನಾದಿ ಆ ಕಾಯಿದೆ. ಮೊದಲ ಮಹಾಯುದ್ಧ ಮುಗಿದ ಮೇಲೆ, ಸೈನ್ಯಕ್ಕೆ ಬೇಕು ಎಂಬ ನೆಪದಲ್ಲಿ ನಿಜವಾದ ರಸ್ತೆಯ ಕೆಲಸ ಶುರುವಾಯಿತು. ಆಗಲೂ ದೊಡ್ಡ ಹೊಳೆಗಳು ಸಮುದ್ರ ಸೇರುವಲ್ಲಿ ಕಾರುಗಳನ್ನು ಫೆರಿಯಲ್ಲಿ ದಾಟಿಸಬೇಕಿತ್ತು. ನಮ್ಮ ಕರಾವಳಿಯ ಹಿರಿಯರಿಗೆ ಈ ಕಷ್ಟವನ್ನು ವಿವರಿಸಬೇಕಾಗಿಲ್ಲ. 1936ರಲ್ಲಿ ಕಾಂಡೆ ಮೆಕಲ್ಲೊ ಎಂಬ ಎಂಜಿನಿಯರನ ಐದು ಚೆಲುವಾದ ಸೇತುವೆಗಳು ಮುಗಿದು, ಒಂದೇ ಓಟಕ್ಕೆ ಕರಾವಳಿಯುದ್ದಕ್ಕೂ ಹೋಗಲು ಸಾಧ್ಯವಾಯಿತು. ಎರಡನೇ ಮಹಾಯುದ್ಧ ಮುಗಿದು ಪ್ರತಿ ಮನೆಗೂ ಕಾರು ಬಂದಾಗ ದಾರಿಯುದ್ದಕ್ಕೂ ಮೋಟೆಲುಗಳು ಎದ್ದವು. ಗಂಡ, ಹೆಂಡತಿ, ಹಿಂದಿನ ಸೀಟಿನಲ್ಲಿ ಕಿಟಕಿಯಿಂದ ಮೂತಿ ಚಾಚಿದ ನಾಯಿ ಇವು ಅಲ್ಲಿನ ದಿನನಿತ್ಯದ ನೋಟವಾದವು.

ಸ್ಟೀನ್‌ಬೆಕ್‌ನ ಪುಸ್ತಕದಲ್ಲಿ ಈ ಕಡಲದಾರಿ ಒಬ್ಬಂಟಿಯ ದಾರಿ. ಆರೆಗಾನ್‌ನ ಮಳೆಯಲ್ಲಿ ಟೈರು ಸಿಡಿಯುತ್ತದೆ. ಅವನು ಕೆಸರಿನಲ್ಲಿ ಒದ್ದಾಡುತ್ತಾನೆ. ಗಡಿ ದಾಟಿದ ಮೇಲೆ ರೆಡ್‌ವುಡ್ ಮರಗಳು ಬರುತ್ತವೆ. ನೂರು ಮೀಟರಿಗೂ ಮೀರಿ ಬೆಳೆಯುವ, ಸಾವಿರಾರು ವರ್ಷ ಬಾಳುವ ವೃಕ್ಷಗಳವು. ಅಂಥ ಮರದ ಬುಡದಲ್ಲಿ ಕಾಲೆತ್ತುವ ಯೋಗ ಬೇರೆ ಯಾವ ನಾಯಿಗುಂಟು ಎಂದು ಅವನು ಚಾರ್ಲಿಯನ್ನು ಕರೆದೊಯ್ದರೆ, ಚಾರ್ಲಿಗೆ ಅದು ಮರವೆಂದೇ ಅನ್ನಿಸುವುದಿಲ್ಲ. ಕೊನೆಗೆ ಗಿಡದ ಕೊಂಬೆಯೊಂದನ್ನು ಕಡಿದು ತಂದು ಆ ಮಹಾವೃಕ್ಷಕ್ಕೆ ಒರಗಿಸಿ ನೆಟ್ಟ ಮೇಲೆ ನಾಯಿ ತನ್ನ ಕರ್ತವ್ಯ ಮುಗಿಸುತ್ತದೆ. ಓದಿದವರು ಈ ಪ್ರಸಂಗವನ್ನು ಮರೆಯುವುದಿಲ್ಲ. ಮನುಷ್ಯ, ನಾಯಿ, ಮೌನವಾದ ಕಾಡು. ಬೇರೆ ಯಾರೂ ಇಲ್ಲ.

ಆದರೆ ಬೇರೆಯವರು ಇದ್ದರು. ಎಲೇನ್ ಸಿಯಾಟಲ್‌ಗೆ ವಿಮಾನದಲ್ಲಿ ಬಂದು ಗಂಡನನ್ನು ಕೂಡಿಕೊಂಡಿದ್ದಳು. ಅಲ್ಲಿಂದ ಕಡಲಂಚಿನುದ್ದಕ್ಕೂ ಇಬ್ಬರೂ ಚಾರ್ಲಿಯೊಂದಿಗೆ ಒಂದೇ ಗಾಡಿಯಲ್ಲಿ, ರಾತ್ರಿ ಮೋಟೆಲು ಹೋಟೆಲುಗಳಲ್ಲಿ ತಂಗುತ್ತ, ನಿಧಾನವಾಗಿ ಇಳಿದು ಬಂದರು. ಮಾಂಟೆರೆ ಪಕ್ಕದ ಪೆಸಿಫಿಕ್ ಗ್ರೋವ್‌ನಲ್ಲಿ ಕುಟುಂಬದ ಹಳೆಯ ಪುಟ್ಟ ಮನೆಯಲ್ಲಿ ಉಳಿದರು. ಇದು ಹೊರಬಿದ್ದದ್ದು ಅರ್ಧ ಶತಮಾನದ ಮೇಲೆ. ಪಿಟ್ಸ್‌ಬರ್ಗ್‌ನ ಪತ್ರಕರ್ತ ಬಿಲ್ ಸ್ಟೀಗರ್ವಾಲ್ಡ್ 2010ರಲ್ಲಿ ಆ ಪ್ರವಾಸದ ಐವತ್ತು ವರ್ಷದ ನೆನಪಿಗೆಂದು ಅದೇ ದಾರಿಯಲ್ಲಿ ಹೊರಟ. ಅವನಿಗೆ ಸ್ಟೀನ್‌ಬೆಕ್‌ನ ಮೇಲೆ ಯಾವ ದ್ವೇಷವೂ ಇರಲಿಲ್ಲ. ವರದಿಗಾರನ ಅಭ್ಯಾಸದಂತೆ ತಾರೀಖು, ಊರು, ದೂರಗಳನ್ನು ತಾಳೆ ನೋಡಿದ, ಅಷ್ಟೆ. ತಾಳೆಯಾಗಲಿಲ್ಲ. ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿ ಪುಸ್ತಕದ ಕೈಬರಹದ ಮೊದಲ ಕರಡು ಇದೆ. ಅದನ್ನು ತೆಗೆಸಿ ಓದಿದಾಗ, ಪಶ್ಚಿಮ ಕರಾವಳಿಯ ಪುಟಗಳಲ್ಲಿ ಎಲೇನ್ ಇದ್ದಳು. ಅಚ್ಚಾಗುವ ಹೊತ್ತಿಗೆ ಅವಳು ಹೋಗಿದ್ದಳು; 'ನಾವು' ಇದ್ದ ಜಾಗಗಳಲ್ಲಿ 'ನಾನು' ಬಂದಿತ್ತು. ಸ್ಟೀಗರ್ವಾಲ್ಡ್ ಲೆಕ್ಕ ಹಾಕಿದ ಪ್ರಕಾರ ಇಡೀ ಪ್ರವಾಸದಲ್ಲಿ ಅರ್ಧಕ್ಕೂ ಹೆಚ್ಚು ದಿನ ಎಲೇನ್ ಗಂಡನ ಜೊತೆಗಿದ್ದಳು. 2011ರಲ್ಲಿ ಅವನು ಇದನ್ನು ಪ್ರಕಟಿಸಿದ. ಮರುವರ್ಷ ಪೆಂಗ್ವಿನ್ ತಂದ ಸುವರ್ಣ ಮಹೋತ್ಸವದ ಆವೃತ್ತಿಗೆ ಸ್ಟೀನ್‌ಬೆಕ್‌ನ ಜೀವನಚರಿತ್ರೆಕಾರ ಜೇ ಪರೀನಿ ಬರೆದ ಮುನ್ನುಡಿಯಲ್ಲಿ, ಇದನ್ನು ಅಕ್ಷರಶಃ ನಂಬಬಾರದು, ಬರೆದವನು ಮೂಲತಃ ಕಾದಂಬರಿಕಾರ ಎಂಬ ಎಚ್ಚರಿಕೆ ಸೇರಿತು.

ಸ್ಟೀನ್‌ಬೆಕ್ ಹೆಂಡತಿಯನ್ನು ಪೂರ್ತಿ ಮರೆಮಾಚಿದ ಎನ್ನುವುದೂ ತಪ್ಪಾಗುತ್ತದೆ. ಅವಳು ಶಿಕಾಗೊಗೆ ಬಂದದ್ದನ್ನೂ ಟೆಕ್ಸಸ್‌ನಲ್ಲಿ ಸೇರಿಕೊಂಡದ್ದನ್ನೂ ಅವನೇ ಹೇಳಿದ್ದಾನೆ. ಶಿಕಾಗೊದ ವಿಷಯದಲ್ಲಿ ಅವನು ಬರೆದಿರುವುದಂತೂ ಬಹಳ ಸ್ವಾರಸ್ಯವಾಗಿದೆ. ಹೆಂಡತಿಯನ್ನು ಕಂಡು ತನಗೆ ಸಂತೋಷವಾಯಿತು, ಆದರೆ ಕಥೆಯ ಎಳೆ ಕಡಿದುಹೋಯಿತು. ಬದುಕಿನಲ್ಲಿ ಹಾಗೆ ಎಳೆ ಕಡಿಯಬಹುದು, ಬರವಣಿಗೆಯಲ್ಲಿ ಕೂಡದು, ಆದ್ದರಿಂದ ಶಿಕಾಗೊವನ್ನು ಬಿಟ್ಟುಬಿಡುತ್ತೇನೆ ಎನ್ನುತ್ತಾನೆ. ಅಲ್ಲಿ ಓದುಗನಿಗೆ ಹೇಳಿ ಬಿಟ್ಟ. ಪಶ್ಚಿಮ ಕರಾವಳಿಯಲ್ಲಿ ಹೇಳದೆಯೇ ಬಿಟ್ಟ. ನನ್ನ ಮಟ್ಟಿಗೆ ಈ ಎರಡರ ನಡುವೆ ದೊಡ್ಡ ವ್ಯತ್ಯಾಸವಿದೆ.

ಪ್ರವಾಸ ಕಥನ ಬರೆಯುವವರು ಒಂದಿಷ್ಟು ಬಣ್ಣ ಹಚ್ಚುತ್ತಾರೆ. ದಾರಿಯಲ್ಲಿ ಸಿಕ್ಕ ಹತ್ತು ಜನರ ಮಾತನ್ನು ಒಬ್ಬನ ಬಾಯಲ್ಲಿ ಇಡುತ್ತಾರೆ. ಸ್ಟೀನ್‌ಬೆಕ್ ಭೇಟಿಯಾದೆನೆಂದು ಬರೆದ ಅಲೆಮಾರಿ ನಟ, ರೈತರು ಎಲ್ಲರೂ ನಿಜವಾಗಿ ಸಿಕ್ಕಿದ್ದರೇ ಎಂಬ ಅನುಮಾನ ಅವನ ಮಗನಿಗೇ ಇತ್ತು. ಅದನ್ನು ನಾವು ಕ್ಷಮಿಸಬಹುದು. ಆದರೆ ಈ ಪುಸ್ತಕದ ಹುರುಳೇ ಒಂಟಿತನ. ಊರಿಗೆ ಹಿಂದಿರುಗಿದವನಿಗೆ ಊರು ತನ್ನದಲ್ಲವೆನ್ನಿಸುವ ನೋವು ಅದರ ಕೇಂದ್ರದಲ್ಲಿದೆ. ಮಾಂಟೆರೆಯ ಹಳೆಯ ಬಾರಿನಲ್ಲಿ ಗೆಳೆಯರ ನಡುವೆ ಕುಳಿತು, ಸತ್ತವರ ಲೆಕ್ಕ ಹಾಕಿ, ನಾವೇ ಈಗ ಭೂತಗಳು ಎಂದುಕೊಳ್ಳುವ ಆ ಅಧ್ಯಾಯ ಪುಸ್ತಕದ ತಿರುಳು. ಆ ದಿನಗಳಲ್ಲಿ ಅವನಿಗೆ ಸಂಜೆ ಹೋಗಿ ಸೇರಲು ಒಂದು ಮನೆಯಿತ್ತು, ಕಂಡದ್ದನ್ನು ಹೇಳಿಕೊಳ್ಳಲು ಹೆಂಡತಿಯಿದ್ದಳು ಎಂದು ತಿಳಿದರೆ ನೋವು ಸುಳ್ಳಾಗುವುದಿಲ್ಲ. ಆದರೆ ಅದು ಬೇರೆಯೇ ನೋವಾಗುತ್ತದೆ. ಬಹುಶಃ ಅದು ಇನ್ನೂ ಒಳ್ಳೆಯ ಪುಸ್ತಕವಾಗುತ್ತಿತ್ತು. ಡಾನ್ ಕ್ವಿಕ್ಸೋಟನ ಕುದುರೆಯ ಹೆಸರಿಟ್ಟುಕೊಂಡ ಗಾಡಿಯಲ್ಲಿ ಹೆಂಡತಿಗೆ ಜಾಗ ಹೊಂದಿಸುವುದು ಅವನಿಗೆ ಕಷ್ಟವಾಗಿರಬೇಕು. ಸಾಹಸಕ್ಕೆ ಹೊರಟ ವೀರನ ಜೊತೆಗೆ ಸೇವಕನಿರಬಹುದು, ನಾಯಿಯಿರಬಹುದು. ನಾಯಿ ಎದುರು ಮಾತಾಡುವುದಿಲ್ಲ. ಮಾತಾಡಿದರೂ ಅದು ಬರೆಯುವವನು ಕೊಟ್ಟ ಮಾತೇ.

ಇದು ಅವನ ಮೊದಲ ಸಲವೂ ಅಲ್ಲ. 1940ರ ಮಾರ್ಚ್‌ನಲ್ಲಿ ಸ್ಟೀನ್‌ಬೆಕ್ ತನ್ನ ಗೆಳೆಯ, ಕಡಲಜೀವಿಗಳ ತಜ್ಞ ಎಡ್ ರಿಕೆಟ್ಸ್ ಜೊತೆಗೂಡಿ 'ವೆಸ್ಟರ್ನ್ ಫ್ಲೈಯರ್' ಎಂಬ ಮೀನುಗಾರಿಕೆ ದೋಣಿಯಲ್ಲಿ ಮಾಂಟೆರೆಯಿಂದ ಮೆಕ್ಸಿಕೊದ ಕಾರ್ಟೆಸ್ ಸಮುದ್ರಕ್ಕೆ ಹೋಗಿಬಂದ. ಸುಮಾರು ಆರು ವಾರಗಳ ಯಾನ. ಆಗ ಅವನ ಹೆಂಡತಿಯಾಗಿದ್ದವಳು ಕ್ಯಾರೊಲ್. ಅವಳೂ ಆ ದೋಣಿಯಲ್ಲಿದ್ದಳು. ಮರುವರ್ಷ ಬಂದ 'ಸೀ ಆಫ್ ಕಾರ್ಟೆಸ್' ಪುಸ್ತಕದಲ್ಲಿ ದೋಣಿಯ ನಾಯಕ, ಎಂಜಿನ್ ನೋಡಿಕೊಳ್ಳುವವನು, ಇಬ್ಬರು ನಾವಿಕರು, ಕೊನೆಗೆ ಮೊಂಡಾಟ ಮಾಡುವ ಪುಟ್ಟ ಮೋಟಾರಿಗೂ ವ್ಯಕ್ತಿತ್ವವಿದೆ. ಕ್ಯಾರೊಲ್ ಹೆಸರಿಲ್ಲ. 'ದಿ ಗ್ರೇಪ್ಸ್ ಆಫ್ ರ್‍ಯಾತ್' ಎಂಬ ಶೀರ್ಷಿಕೆ ಸೂಚಿಸಿದವಳು, ಅದರ ಹಸ್ತಪ್ರತಿಯನ್ನು ಟೈಪು ಮಾಡಿದವಳು ಅವಳೇ. ಆ ಪುಸ್ತಕದ ಅರ್ಪಣೆಯಲ್ಲಿ ಅವಳಿಗೆ ಮೊದಲ ಸ್ಥಾನವನ್ನೂ ಕೊಟ್ಟಿದ್ದ. ಆದರೆ ಪ್ರಯಾಣದ ಪುಸ್ತಕದಲ್ಲಿ ಮಾತ್ರ ಅವಳು ನೀರಿಗೆ ಬಿದ್ದಳು. ಮುಂದೆ 1943ರಲ್ಲಿ ಮದುವೆಯೇ ಮುರಿಯಿತು. 1960ರಲ್ಲಿ ಎಲೇನ್ ಜೊತೆ ತಂಗಿದ ಪೆಸಿಫಿಕ್ ಗ್ರೋವ್‌ನ ಆ ಪುಟ್ಟ ಮನೆಯಲ್ಲೇ ಮೂವತ್ತರ ದಶಕದ ಬಡತನದ ದಿನಗಳನ್ನು ಅವನು ಕ್ಯಾರೊಲ್ ಜೊತೆ ಕಳೆದಿದ್ದ ಎಂಬುದನ್ನೂ ಇಲ್ಲಿ ಹೇಳಬೇಕು.

ಇದನ್ನು ಸ್ಟೀನ್‌ಬೆಕ್ ಒಬ್ಬನ ತಲೆಗೆ ಕಟ್ಟುವಂತೆಯೂ ಇಲ್ಲ. ಅಮೆರಿಕವನ್ನು ಕಾರಿನಲ್ಲಿ ಮೊದಲ ಸಲ ಅಡ್ಡಹಾಯ್ದವನು ವರ್ಮಾಂಟ್‌ನ ಡಾಕ್ಟರ್ ಹೊರೇಷಿಯೊ ನೆಲ್ಸನ್ ಜಾಕ್ಸನ್. ಐವತ್ತು ಡಾಲರಿನ ಪಂದ್ಯ ಕಟ್ಟಿ 1903ರ ಮೇ 23ರಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು ಜುಲೈ 26ಕ್ಕೆ ನ್ಯೂಯಾರ್ಕ್ ಮುಟ್ಟಿದ. ದಾರಿಯಲ್ಲಿ ಬಡ್ ಎಂಬ ಗೂಳಿನಾಯಿಯನ್ನು ಕೊಂಡು, ಧೂಳು ತಾಗದಂತೆ ಅದಕ್ಕೂ ಕನ್ನಡಕ ಹಾಕಿ ಮುಂದೆ ಕೂರಿಸಿಕೊಂಡ. ಊರೂರಿನ ಪತ್ರಿಕೆಗಳು ಆ ನಾಯಿಯ ಚಿತ್ರ ಛಾಪಿಸಿದವು. ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯದಲ್ಲಿ ಅವನ ಕಾರು ಇದೆ, ನಾಯಿಯ ಕನ್ನಡಕವೂ ಇದೆ. ಪ್ರವಾಸಕ್ಕೆ ಸಾವಿರಾರು ಡಾಲರು ಖರ್ಚಾಯಿತು. ಆ ಸಿರಿವಂತಿಕೆ ಬಂದದ್ದು ಹೆಂಡತಿ ಬರ್ಥಾಳ ತವರಿನಿಂದ. ಬರ್ಥಾ ರೈಲಿನಲ್ಲಿ ಮನೆಗೆ ಹೋದಳು.

ಸ್ಟೀನ್‌ಬೆಕ್ 1968ರ ಡಿಸೆಂಬರಿನಲ್ಲಿ ತೀರಿಕೊಂಡ. ಎಲೇನ್ 2003ರವರೆಗೆ ಬದುಕಿದ್ದಳು. ಗಂಡನ ಪುಸ್ತಕಗಳ ವ್ಯವಹಾರವನ್ನು, ಹೆಸರನ್ನು ಬಲು ಜತನದಿಂದ ಕಾದಳು. ಕಡಲದಾರಿಯ ಆ ದಿನಗಳ ಬಗ್ಗೆ ತಾನೇ ಒಂದು ಪುಸ್ತಕ ಬರೆಯಲಿಲ್ಲ. ಟೈರು ಸಿಡಿದಾಗ ಅವಳು ಏನೆಂದಳೋ, ರೆಡ್‌ವುಡ್ ಮರದ ಕೆಳಗೆ ಗಂಡ ನಾಯಿಯನ್ನು ಪುಸಲಾಯಿಸುವುದನ್ನು ಕಂಡು ನಕ್ಕಳೋ ಎಂಬುದು ಪುಸ್ತಕದಲ್ಲಿ ಸಿಗುವುದಿಲ್ಲ. ಸಲೀನಸ್‌ನಲ್ಲಿರುವ ರಾಷ್ಟ್ರೀಯ ಸ್ಟೀನ್‌ಬೆಕ್ ಕೇಂದ್ರದಲ್ಲಿ ಹಸಿರು ಬಣ್ಣದ ರೋಸಿನಾಂಟೆಯನ್ನು ನಿಲ್ಲಿಸಿದ್ದಾರೆ. ನೋಡಲು ಬಂದವರು ಚಾರ್ಲಿ ಎಲ್ಲಿ ಕೂರುತ್ತಿತ್ತು ಎಂದು ಇಣುಕುತ್ತಾರೆ.

ಆದರೆ 1975ರಲ್ಲಿ ಎಲೇನ್ ಒಂದು ಕೆಲಸ ಮಾಡಿದ್ದಳು. ರಾಬರ್ಟ್ ವಾಲ್‌ಸ್ಟನ್ ಎಂಬ ಗೆಳೆಯನ ಜೊತೆಗೂಡಿ ಸ್ಟೀನ್‌ಬೆಕ್‌ನ ಕಾಗದಗಳ ದೊಡ್ಡ ಸಂಪುಟವೊಂದನ್ನು ಸಂಪಾದಿಸಿದಳು. ಆ ಪ್ರವಾಸದ ಹಾದಿಯಿಂದ ಅವನು ಮನೆಗೆ, ತನಗೇ, ಬರೆದ ಕಾಗದಗಳನ್ನು ಅದರಲ್ಲಿ ಸೇರಿಸಿದಳು. ಊರು, ದಿನ, ತಂಗಿದ ಜಾಗ ಎಲ್ಲ ಅವುಗಳಲ್ಲಿವೆ. ಮುಂದೆ ಪ್ರವಾಸದ ನಿಜವಾದ ದಿನಚರಿಯನ್ನು ಹುಡುಕಿದವರಿಗೆ ಮೊದಲ ಸುಳಿವು ಸಿಕ್ಕಿದ್ದು ಅಂಥ ಕಾಗದಗಳಿಂದಲೇ. ಅವು ಮೈನ್‌ನಿಂದ ಮೊಂಟಾನಾದವರೆಗೆ ಬರುತ್ತವೆ. ಕಡಲು ಮುಟ್ಟಿದ ಮೇಲೆ ನಿಂತುಹೋಗುತ್ತವೆ. ಪಕ್ಕದ ಸೀಟಿನಲ್ಲಿ ಕುಳಿತವಳಿಗೆ ಯಾರೂ ಕಾಗದ ಬರೆಯುವುದಿಲ್ಲವಷ್ಟೆ.